ಜ್ವರ ಹೋದರೂ ಕೀಲುನೋವು ಯಾಕೆ ಹೋಗುವುದಿಲ್ಲ?



ಹೋದ ಮಳೆಗಾಲದಲ್ಲಿ ನನಗೆ ಜ್ವರ ಬಂದು ಒಂಬತ್ತು ದಿನ ಶಾಲೆ ತಪ್ಪಿತು. ರಕ್ತ ಪರೀಕ್ಷೆ ಮಾಡಿಸಿದಾಗ ಚಿಕೂನ್‌ಗುನ್ಯಾ ಎಂದು ಗೊತ್ತಾಯಿತು. ಜ್ವರ ಬಿಟ್ಟ ಮೇಲೆ ಶಾಲೆಗೆ ಬಂದೆ. ಆದರೆ ಖೊ-ಖೊ ಆಟದಲ್ಲಿ ಕುಳಿತವಳಿಗೆ ಏಳಲಿಕ್ಕೇ ಆಗಲಿಲ್ಲ. ಮೊಣಕಾಲು, ಹಿಮ್ಮಡಿ ಹಿಡಿದುಕೊಂಡವು. "ಜ್ವರ ಹೋಗ್ಯಾದಲ್ಲ, ಸುಮ್ನೆ ನೆಪ ಹೇಳ್ತಾಳ" ಎಂದು ಕೆಲವರು ನಕ್ಕರು. "ಮುದುಕಿ" ಎಂದರು. ನನಗೆ ಅಳು ಬಂತು. ಜ್ವರ ಇದ್ದರೆ ಥರ್ಮಾಮೀಟರಿನಲ್ಲಿ ಕಾಣುತ್ತದೆ, ನೋವು ಯಾವುದರಲ್ಲೂ ಕಾಣುವುದಿಲ್ಲ.

ಮನೆಯಲ್ಲಿ ನನ್ನ ಮಾತನ್ನು ಮೊದಲು ನಂಬಿದವಳು ನಮ್ಮ ಆಯಿ. ಆಕೆ ಹೇಳಿದ್ದು ಹೀಗೆ: "ಸುಳ್ಳಲ್ಲ ಯವ್ವಾ. 2006ರಾಗ ನನಗೂ ಇದೇ ಆಗಿತ್ತು. ಜ್ವರ ನಾಕು ದಿನದಾಗ ಇಳೀತು, ಕೀಲು ಮಾತ್ರ ಬಿಡಲಿಲ್ಲ. ರೊಟ್ಟಿ ಬಡಿಲಾಕ ಕೈ ಏಳಲಿಲ್ಲ. ಹೊಲದಾಗ ಕಸ ತೆಗಿಲಾಕ ಕುಂತ್ರ ಏಳಲಾಕ ಬರ್ತಿರಲಿಲ್ಲ. ಮಂದಿ ಮೈಗಳ್ಳಿ ಅಂದ್ರು. ಕೂಲಿನೂ ಹೋಯ್ತು."

ಆಯಿಯ ಮಾತು ಕೇಳಿದ ಮೇಲೆ ಇದರ ಬಗ್ಗೆ ತಿಳಿಯಬೇಕು ಅನ್ನಿಸಿತು. ವಿಜ್ಞಾನದ ಗುರುಗಳನ್ನೂ ಆಶಾ ಅಕ್ಕನನ್ನೂ ಕೇಳಿ ಇದನ್ನು ಬರೆದಿದ್ದೇನೆ.

ಹೆಸರು ಎಲ್ಲಿಂದ ಬಂತು?
ಚಿಕೂನ್‌ಗುನ್ಯಾ ಕೋಳಿಯಿಂದ ಬರುವುದಿಲ್ಲ. ಚಿಕನ್ ತಿಂದರೂ ಬರುವುದಿಲ್ಲ. ಇದು ಆಫ್ರಿಕಾದ ಮಕೊಂಡೆ ಭಾಷೆಯ ಮಾತು. ನೋವಿನಿಂದ ಮೈ ಬಗ್ಗಿ ಹೋಗುವುದು ಎಂದು ಅದರ ಭಾವ. 1952ರಲ್ಲಿ ಈಗಿನ ಟಾಂಜಾನಿಯಾ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದರು. ನಮ್ಮ ದೇಶದಲ್ಲಿ 1963ರಲ್ಲಿ ಕಲ್ಕತ್ತದಲ್ಲಿ ಕಾಣಿಸಿತು. 1973ರಲ್ಲಿ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಹರಡಿತು. ಆಮೇಲೆ ಸುಮಾರು 32 ವರ್ಷ ದೊಡ್ಡದಾಗಿ ಕಾಣಿಸಲಿಲ್ಲ. 2005ರ ಕೊನೆಗೆ ತಿರುಗಿ ಬಂದಾಗ ಕರ್ನಾಟಕದಲ್ಲಿ ಮೊದಮೊದಲು ಸಿಕ್ಕಿಕೊಂಡ ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾ, ಅಂದರೆ ಈಗಿನ ಕಲಬುರಗಿಯೂ ಒಂದು. 2006ರಲ್ಲಿ ಇಡೀ ದೇಶದಲ್ಲಿ ಸುಮಾರು 13 ಲಕ್ಷ 90 ಸಾವಿರ ಜನರಿಗೆ ಈ ರೋಗದ ಲಕ್ಷಣ ಇತ್ತೆಂದು ಲೆಕ್ಕವಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ಏಳೂವರೆ ಲಕ್ಷ, ನಮ್ಮ ರಾಜ್ಯದವರೇ. ಅವರಲ್ಲಿ ನಮ್ಮ ಆಯಿಯೂ ಒಬ್ಬಳು.

ಮೈಕೈ ನೋವು ಯಾಕೆ ಬರುತ್ತದೆ?
ವೈರಸ್ ಮೈಯೊಳಗೆ ಹೊಕ್ಕ ಕೂಡಲೇ ಬಿಳಿ ರಕ್ತಕಣಗಳು ಅದರ ಜೊತೆ ಹೋರಾಡುತ್ತವೆ. ಆಗ ದೇಹವೇ ಕೆಲವು ರಾಸಾಯನಿಕಗಳನ್ನು ಬಿಡುತ್ತದೆ. ಅವುಗಳಿಂದ ಜ್ವರ ಏರುತ್ತದೆ, ಸ್ನಾಯುಗಳು ನೋಯುತ್ತವೆ. ಅದಕ್ಕೇ ಫ್ಲೂ, ಡೆಂಗ್ಯೂ, ಕೊರೋನಾ ಎಲ್ಲದರಲ್ಲೂ ಮೈಕೈ ನೋವು ಇರುತ್ತದೆ.

ಚಿಕೂನ್‌ಗುನ್ಯಾ ವೈರಸ್ ಅಷ್ಟಕ್ಕೇ ನಿಲ್ಲುವುದಿಲ್ಲ. ಅದು ಕೀಲುಗಳ ಒಳಗೂ ಸೇರುತ್ತದೆ. ಬಿಳಿ ರಕ್ತಕಣಗಳು ಅಲ್ಲಿಗೂ ಬಂದು ಗುಂಪು ಕಟ್ಟುತ್ತವೆ. ಕೀಲು ಬಾಯುತ್ತದೆ. ಸುಮಾರು ಒಂದು ವಾರದಲ್ಲಿ ರಕ್ತದಿಂದ ವೈರಸ್ ಹೋಗುತ್ತದೆ, ಆದರೆ ಬಾವು ಅಷ್ಟು ಬೇಗ ಇಳಿಯುವುದಿಲ್ಲ. ಸ್ನಾನದ ಹಂಡೆಯ ಕೆಳಗೆ ಉರಿ ಆರಿಸಿದರೂ ನೀರು ಬಹಳ ಹೊತ್ತು ಸುಡುತ್ತಿರುತ್ತದಲ್ಲ, ಹಾಗೆ. ಬೆರಳು, ಮಣಿಕಟ್ಟು, ಮೊಣಕಾಲು, ಹಿಮ್ಮಡಿಗಳಲ್ಲಿ ನೋವು ಹೆಚ್ಚು. ಬೆಳಿಗ್ಗೆ ಎದ್ದಾಗ ಕೀಲು ಬಿಗಿದಿರುತ್ತವೆ. ಕೆಲವರಿಗೆ ವಾರಗಳಲ್ಲಿ ಹೋಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ, ಇನ್ನು ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ನನಗೆ ಒಂದು ತಿಂಗಳು ಇತ್ತು. ಆಯಿಗೆ ಒಂದು ವರ್ಷದ ಮೇಲೆ ಇತ್ತಂತೆ.

ಏನು ಮಾಡಬೇಕು?
1. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ವಿಶ್ರಾಂತಿ, ಹೆಚ್ಚು ನೀರು, ಗಂಜಿ ಬೇಕು. ಜ್ವರಕ್ಕೆ ಡಾಕ್ಟರು ಹೇಳಿದಷ್ಟೇ ಪ್ಯಾರಾಸಿಟಮಾಲ್.
2. ಡೆಂಗ್ಯೂ ಅಲ್ಲ ಎಂದು ಗೊತ್ತಾಗುವ ತನಕ ಆಸ್ಪಿರಿನ್, ಬ್ರೂಫೆನ್‌ನಂಥ ನೋವಿನ ಗುಳಿಗೆ ನಾವಾಗಿಯೇ ತಿನ್ನಬಾರದು. ಡೆಂಗ್ಯೂ ಇದ್ದರೆ ರಕ್ತ ಸೋರುವ ಅಪಾಯ ಹೆಚ್ಚುತ್ತದೆ.
3. ಹಲ್ಲಿನ ವಸಡಿನಿಂದ ರಕ್ತ, ಬಹಳ ಹೊಟ್ಟೆನೋವು, ಬಿಡದ ವಾಂತಿ ಇದ್ದರೆ ತಡಮಾಡದೆ ದವಾಖಾನೆಗೆ ಹೋಗಬೇಕು.
4. ಜ್ವರ ಬಿಟ್ಟ ಮೇಲೆ ಕೀಲುಗಳನ್ನು ಸಾವಕಾಶ ಆಡಿಸಬೇಕು. ಒಮ್ಮೆಲೇ ಓಡಬಾರದು, ಭಾರ ಹೊರಬಾರದು.

ತಪ್ಪು ನನ್ನದೇ ಇತ್ತು
ಇದನ್ನು ಹರಡುವ ಈಡಿಸ್ ಸೊಳ್ಳೆ ಹಗಲು ಹೊತ್ತು ಕಚ್ಚುತ್ತದೆ. ನಾನು ಅದು ಗಟಾರದಲ್ಲಿ ಹುಟ್ಟುತ್ತದೆ ಎಂದುಕೊಂಡಿದ್ದೆ. ಅಲ್ಲ. ಹರಿಯುವ ಭೀಮಾ ಹೊಳೆಯಲ್ಲೂ ಹುಟ್ಟುವುದಿಲ್ಲ. ಮನೆಯಲ್ಲಿ ನಾವು ತುಂಬಿಟ್ಟ ತಿಳಿ ನೀರಿನಲ್ಲಿ ಹುಟ್ಟುತ್ತದೆ. ಆಶಾ ಅಕ್ಕ ಬ್ಯಾಟರಿ ಹಿಡಿದು ನಮ್ಮ ಡ್ರಮ್ಮಿನೊಳಗೆ ತೋರಿಸಿದಳು. ಸಣ್ಣ ಸಣ್ಣ ಹುಳಗಳು ಕೊಂಕಿ ಕೊಂಕಿ ಈಜುತ್ತಿದ್ದವು. ಆ ಡ್ರಮ್ಮು ತುಂಬುವ ಕೆಲಸ ನನ್ನದೇ! ನೀರು ಖಾಲಿಯಾಗುವ ಮೊದಲೇ ಮೇಲೆ ಮೇಲೆ ತುಂಬುತ್ತಿದ್ದೆ, ಒಮ್ಮೆಯೂ ತಿಕ್ಕಿ ತೊಳೆದಿರಲಿಲ್ಲ.

ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಅದಕ್ಕೇ ವಾರಕ್ಕೊಮ್ಮೆ ಡ್ರಮ್ಮು, ಕೊಡ, ದನದ ಬಾನಿ ಖಾಲಿ ಮಾಡಿ ಒಣಗಿಸಬೇಕು. ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಆದ್ದರಿಂದ ನಾರಿನಿಂದ ಗಸಗಸ ತಿಕ್ಕಬೇಕು. ಆಮೇಲೆ ಮುಚ್ಚಳ ಇಲ್ಲವೇ ಬಟ್ಟೆ ಕಟ್ಟಬೇಕು. ಹಳೇ ಟೈರು, ತೆಂಗಿನ ಚಿಪ್ಪಿನಲ್ಲಿ ಮಳೆನೀರು ನಿಲ್ಲಗೊಡಬಾರದು.

ನಾನು ಈಗ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಇದನ್ನೇ ಮಾಡುತ್ತೇನೆ. ನೀವೂ ಮಾಡಿರಿ. ಪಕ್ಕದ ಮನೆಯ ಡ್ರಮ್ಮಿನಲ್ಲಿ ಹುಟ್ಟಿದ ಸೊಳ್ಳೆ ನಮ್ಮನ್ನೂ ಕಚ್ಚುತ್ತದೆ, ಒಬ್ಬರು ಮಾಡಿದರೆ ಸಾಲದು.

ಇನ್ನೊಂದು ವಿನಂತಿ. ಜ್ವರದಿಂದ ಎದ್ದು ಬಂದ ಗೆಳತಿ "ಕಾಲು ನೋಯ್ತಾವ" ಅಂದರೆ ನಗಬೇಡಿರಿ. ಖೊ-ಖೊ ಆಟದಲ್ಲಿ ಆಕೆಗೆ ಅಂಕ ಬರೆಯುವ ಕೆಲಸ ಕೊಡಿರಿ. ಕೀಲು ಸಡಿಲಾದ ದಿನ ಆಕೆಯೇ ಎದ್ದು ಓಡುತ್ತಾಳೆ. ನಾನೀಗ ಓಡುತ್ತಿದ್ದೇನಲ್ಲ!