ಮೇಸ್ತ್ರಿ ಹತ್ತಿರ ಸುಳ್ಳು ಹೇಳಬೇಡಿ

ಗ್ಯಾರೇಜಿಗೆ ಗಾಡಿ ಎಳೆಸಿಕೊಂಡು ಬಂದವರು ಬಾಯಿ ಬಿಟ್ಟರೆ ಮೊದಲು ಬರುವ ಮಾತು ಒಂದೇ: "ಏನೂ ಮಾಡಿಲ್ಲ ಮೇಸ್ತ್ರಿ, ಸುಮ್ಮನೆ ಹೋಗ್ತಾ ಇತ್ತು, ನಿಂತುಬಿಡ್ತು."

ಹೊಸದಾಗಿ ಕಾರು ಕೊಂಡ ಮಕ್ಕಳೇ, ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಕೈಗೆ ಗ್ರೀಸು ಮೆತ್ತಿಕೊಂಡೇ ತಲೆ ಬೆಳ್ಳಗಾದವನು ನಾನು. ಸುಮ್ಮನೆ ನಿಂತ ಗಾಡಿಯನ್ನು ಇನ್ನೂ ನೋಡಿಲ್ಲ. ಏನೋ ಆಗಿರುತ್ತದೆ, ಯಾರೋ ಏನೋ ಮಾಡಿರುತ್ತಾರೆ. ಮಾಡಿದ್ದನ್ನು ಹೇಳಲು ನಾಚಿಕೆ. ಆ ನಾಚಿಕೆಗೆ ಬೀಳುವ ದಂಡದ ಬಗ್ಗೆಯೇ ಇವತ್ತು ನಿಮಗೆ ನಾಲ್ಕು ಮಾತು ಹೇಳಬೇಕು. ಕಾರಿನ ವಿಷಯದಲ್ಲಿ ಪೆದ್ದುತನ ಎಲ್ಲರೂ ಮಾಡುತ್ತಾರೆ. ಅದು ಬಹಳ ಸಲ ಅಗ್ಗದಲ್ಲೇ ಮುಗಿಯುತ್ತದೆ. ಮುಚ್ಚಿಡಲು ಹೋದಾಗ ದುಬಾರಿಯಾಗುತ್ತದೆ.

ಅಗ್ಗದವನ್ನು ಮೊದಲು ಹೇಳಿ ಮುಗಿಸುತ್ತೇನೆ, ನಗುವುದಿದ್ದರೆ ಈಗಲೇ ನಕ್ಕುಬಿಡಿ. ಕಲ್ಯಾಣ ಮಂಟಪದ ಮುಂದೆ ಸಾಲಾಗಿ ನಿಂತ ಬಿಳಿ ಸ್ವಿಫ್ಟ್‌ಗಳಲ್ಲಿ ಯಾರದ್ದೋ ಬಾಗಿಲಿಗೆ ಕೀ ತುರುಕಿ, ಲಾಕ್ ಕೆಟ್ಟಿದೆ ಎಂದು ನನಗೆ ಫೋನ್ ಮಾಡಿದವರಿದ್ದಾರೆ. ಹಿಂದಿನ ಬಾಗಿಲು ಒಳಗಿಂದ ತೆರೆಯುತ್ತಿಲ್ಲ ಎಂದು ಬರುತ್ತಾರೆ. ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಅನ್ನು ಮನೆಯ ಹುಡುಗನೇ ಒತ್ತಿರುತ್ತಾನೆ. ಕೀ ತಿರುಗುವುದಿಲ್ಲ, ಸ್ಟೇರಿಂಗ್ ಅಲ್ಲಾಡುವುದಿಲ್ಲ ಎನ್ನುವುದು ಇನ್ನೊಂದು ದೂರು. ಕೀ ತೆಗೆದ ಮೇಲೆ ಸ್ಟೇರಿಂಗ್ ಎಳೆದಿದ್ದೀರಿ, ಅದು ಲಾಕ್ ಆಗಿದೆ, ಅಷ್ಟೇ. ಎಡಕ್ಕೋ ಬಲಕ್ಕೋ ಸ್ವಲ್ಪ ಆಡಿಸುತ್ತಾ ಕೀ ತಿರುಗಿಸಿ, ಬಿಟ್ಟುಕೊಳ್ಳುತ್ತದೆ. ರಿಮೋಟ್ ಸತ್ತರೆ ಕಾರು ಸತ್ತಂತಲ್ಲ. ಬಹಳಷ್ಟು ರಿಮೋಟುಗಳ ಹೊಟ್ಟೆಯೊಳಗೇ ಒಂದು ಕಬ್ಬಿಣದ ಕೀ ಅಡಗಿದೆ. ಆಟೋಮ್ಯಾಟಿಕ್ ಗಾಡಿ ಸ್ಟಾರ್ಟ್ ಆಗದಿದ್ದರೆ ಗೇರು ಪಾರ್ಕ್‌ನಲ್ಲೋ ನ್ಯೂಟ್ರಲ್‌ನಲ್ಲೋ ಇದೆಯಾ, ಕಾಲು ಬ್ರೇಕಿನ ಮೇಲಿದೆಯಾ ನೋಡಿ. ಇವಕ್ಕೆಲ್ಲ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಟೀ ಕೊಡಿಸಿದರೆ ಬೇಡ ಅನ್ನುವುದೂ ಇಲ್ಲ.

ಹ್ಯಾಂಡ್ ಬ್ರೇಕ್ ಎಳೆದುಕೊಂಡೇ ಊರು ಸುತ್ತಿ, ಸುಟ್ಟ ವಾಸನೆ ಬಂದಾಗ ಪಕ್ಕದ ಲಾರಿಯನ್ನು ಬೈಯುವವರು ಇವರ ಅಣ್ಣಂದಿರು.

ಈಗ ದುಬಾರಿಯ ಕಡೆಗೆ ಬರೋಣ. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಸುವುದು. ಇದಕ್ಕೆ ದಡ್ಡರೇ ಆಗಬೇಕಿಲ್ಲ. ಮನೆಯಲ್ಲಿ ಹಳೆಯದು ಪೆಟ್ರೋಲ್, ಹೊಸದು ಡೀಸೆಲ್ ಆಗಿದ್ದರೆ ಸಾಕು. ಭಾವನ ಕಾರು ಕೇಳಿ ತಂದಿದ್ದರಂತೂ ಇನ್ನೂ ಸುಲಭ. ಬಂಕಿನ ಹುಡುಗ "ಝೀರೋ ನೋಡಿ ಸಾರ್" ಎಂದಾಗ ನಾವು ಮೊಬೈಲಿನಿಂದ ತಲೆ ಎತ್ತಿ ಝೀರೋ ಮಾತ್ರ ನೋಡುತ್ತೇವೆ, ಕೊಳವೆಯಲ್ಲಿ ಬರುತ್ತಿರುವುದು ಏನೆಂದು ನೋಡುವುದಿಲ್ಲ.

ತಪ್ಪು ಗೊತ್ತಾದ ಕ್ಷಣ ಏನು ಮಾಡುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಡೀಸೆಲ್ ಎಂಜಿನ್ನಿನ ಹೈ ಪ್ರೆಶರ್ ಪಂಪಿಗೆ ಬೇರೆ ಎಣ್ಣೆ ಬಿಡುವುದಿಲ್ಲ, ಅದರೊಳಗೆ ಹರಿಯುವ ಡೀಸೆಲ್ಲೇ ಅದಕ್ಕೆ ಜಾರುಎಣ್ಣೆ. ಪೆಟ್ರೋಲ್ ಆ ಜಿಡ್ಡನ್ನು ತೊಳೆದುಹಾಕುತ್ತದೆ. ಲೋಹಕ್ಕೆ ಲೋಹ ಉಜ್ಜಿ, ಸವೆದ ಪುಡಿ ಇಂಜೆಕ್ಟರುಗಳಿಗೆ ಹೋಗಿ ಕೂರುತ್ತದೆ. ಕೀಯನ್ನೇ ಮುಟ್ಟದೆ ಗಾಡಿಯನ್ನು ಬಂಕಿನಲ್ಲೇ ಪಕ್ಕಕ್ಕೆ ತಳ್ಳಿ ನಿಲ್ಲಿಸಿದರೆ ಟ್ಯಾಂಕ್ ಖಾಲಿ ಮಾಡಿ, ತೊಳೆದು, ಹೊಸ ಡೀಸೆಲ್ ಹಾಕಿದರೆ ಮುಗಿಯಿತು. ಅರ್ಧ ದಿನದ ಕೆಲಸ. "ಹೋಗ್ಲಿ, ಮೇಲೆ ಇನ್ನಷ್ಟು ಡೀಸೆಲ್ ಹಾಕಿಸಿ ಓಡಿಸಿದ್ರೆ ಸರಿಹೋಗುತ್ತೆ" ಎಂದು ಹೊರಟಿರೋ, ಪಂಪು, ಇಂಜೆಕ್ಟರು, ಪೈಪು ಎಲ್ಲದರ ಬಿಲ್ ಕೆಲವು ಗಾಡಿಗಳಲ್ಲಿ ಲಕ್ಷ ದಾಟುತ್ತದೆ. ಬಟನ್ ಸ್ಟಾರ್ಟ್ ಇರುವವರು ಇನ್ನೊಂದು ವಿಷಯ ತಿಳಿದುಕೊಳ್ಳಿ: ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿದರೂ ಎಷ್ಟೋ ಗಾಡಿಗಳಲ್ಲಿ ಟ್ಯಾಂಕಿನೊಳಗಿನ ಪಂಪು ತಿರುಗಲು ಶುರುವಾಗುತ್ತದೆ. ಹಾಡು ಕೇಳುತ್ತಾ ಮೆಕ್ಯಾನಿಕ್‌ಗೆ ಕಾಯೋಣ ಎಂದು ಬಟನ್ ಒತ್ತಬೇಡಿ. ಪೆಟ್ರೋಲ್ ಗಾಡಿಗೆ ಡೀಸೆಲ್ ಬಿದ್ದರೆ ಹೊಗೆ, ಜರ್ಕು, ಪ್ಲಗ್ಗು ಹಾಳು. ಅದು ತಡೆದುಕೊಳ್ಳಬಹುದಾದ ನಷ್ಟ.

2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ಈ ತಪ್ಪಿಗೊಬ್ಬ ತಮ್ಮ ಹುಟ್ಟಿದ್ದಾನೆ. ಕೆಲವು ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧ ಮಾಡಲು ಯೂರಿಯಾ ನೀರು ಹಾಕುವ ಪುಟ್ಟ ಟ್ಯಾಂಕ್ ಬೇರೆಯೇ ಇರುತ್ತದೆ, ಸಾಮಾನ್ಯವಾಗಿ ನೀಲಿ ಮುಚ್ಚಳದ್ದು. ಆ ನೀರನ್ನು ಡೀಸೆಲ್ ಟ್ಯಾಂಕಿಗೆ ಸುರಿದವರು ಪೆಟ್ರೋಲ್ ಸುರಿದವರಿಗಿಂತ ಹೆಚ್ಚು ಅಳುತ್ತಾರೆ.

ನೀರಿನ ಮಾತು ಬಂತು. ಮಳೆಗಾಲದಲ್ಲಿ ನಿಂತ ನೀರಿಗೆ ಗಾಡಿ ಇಳಿಸುವುದು ನಮ್ಮ ಹುಡುಗರಿಗೆ ಒಂದು ಶೌರ್ಯ. ಮಧ್ಯದಲ್ಲಿ ಎಂಜಿನ್ ಆಫ್ ಆಗುತ್ತದೆ. ಹಿಂದೆ ಹತ್ತು ಜನ ಹಾರ್ನ್ ಹೊಡೆಯುತ್ತಾರೆ, ಮರ್ಯಾದೆ ಹೋಗುತ್ತಿದೆ ಅನ್ನಿಸುತ್ತದೆ, ಬಿಡದೆ ಸೆಲ್ಫ್ ಹೊಡೆಯುತ್ತೀರಿ. ಎಂಜಿನ್ ಸಾಯುವುದು ಆಗಲೇ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ನೀರು ಸೇರಿದಾಗ ಪಿಸ್ಟನ್ ಮೇಲೆ ಬರಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಂತ ಗಾಡಿಯನ್ನು ನಿಂತಂತೆಯೇ ತಳ್ಳಿಸಿಕೊಂಡು ಬಂದಿದ್ದರೆ ಪ್ಲಗ್ ಬಿಚ್ಚಿ, ನೀರು ಹೊರಹಾಕಿ, ಆಯಿಲ್, ಫಿಲ್ಟರ್ ಬದಲಿಸಿ ಕಳುಹಿಸುತ್ತಿದ್ದೆ. ಸೆಲ್ಫ್ ಹೊಡೆದು ತಂದ ಗಾಡಿಗೆ ಎಂಜಿನ್ನೇ ಬಿಚ್ಚಬೇಕು. ಇನ್ಶೂರೆನ್ಸ್ ಇದೆಯಲ್ಲ ಎನ್ನುತ್ತೀರಿ. ಫುಲ್ ಇನ್ಶೂರೆನ್ಸ್ ಎಂದು ನೀವು ಕರೆಯುವ ಪಾಲಿಸಿಯಲ್ಲೂ ಸಾಮಾನ್ಯವಾಗಿ ಈ ನಷ್ಟ ಸೇರಿರುವುದಿಲ್ಲ. ಎಂಜಿನ್ ಪ್ರೊಟೆಕ್ಷನ್ ಎಂದು ಬೇರೆ ದುಡ್ಡು ಕಟ್ಟಿದ್ದರೆ ಮಾತ್ರ ಮಾತು. ಪಾಲಿಸಿ ಕಾಗದವನ್ನು ಮಳೆಗಾಲಕ್ಕೆ ಮೊದಲೇ ಓದಿ.

ದುಡ್ಡಿನ ಮಾತು ಬಿಡಿ. 2023ರ ಮೇ 21ರ ಮಧ್ಯಾಹ್ನ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ, ವಿಧಾನಸೌಧದಿಂದ ಕೂಗಳತೆಯಲ್ಲಿ, ಮಳೆನೀರಿಗೆ ಸಿಕ್ಕ ಕಾರಿನೊಳಗಿದ್ದ ಒಬ್ಬ ಯುವತಿ ತೀರಿಕೊಂಡಳು. ಊರು ನೋಡಲು ಬಂದಿದ್ದ ಕುಟುಂಬದ ಮಗಳು. ಒಂದಡಿ ನೀರು ಸಣ್ಣ ಕಾರನ್ನು ತೇಲಿಸಲು ಸಾಕು, ಎರಡಡಿ ಹರಿಯುವ ನೀರು ದೊಡ್ಡ ಗಾಡಿಯನ್ನೂ ಕೊಚ್ಚಿಕೊಂಡು ಹೋಗುತ್ತದೆ. ಅಂಡರ್‌ಪಾಸಿನ ನೀರಿನ ಆಳ ಮೇಲಿನಿಂದ ಕಾಣುವುದಿಲ್ಲ. ಮುಂದಿನ ಬಸ್ಸು ದಾಟಿತು ಎನ್ನುವುದು ಲೆಕ್ಕವಲ್ಲ; ಬಸ್ಸಿನ ಎತ್ತರ ನಿಮ್ಮ ಕಾರಿಗಿಲ್ಲ. ತಿರುಗಿಸಿಕೊಂಡು ಹೋಗಿ. ಯಾರು ನಕ್ಕರೂ ನಗಲಿ.

ಮೊಬೈಲ್ ಮ್ಯಾಪನ್ನು ಕಣ್ಣಿಗಿಂತ ಹೆಚ್ಚು ನಂಬುವುದೂ ಇದೇ ಜಾತಿ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯ ಮೇಲೆ ಹೋದ ಕಾರು ನದಿಗೆ ಬಿದ್ದು ಮೂವರು ಸತ್ತರು. ತಪ್ಪು ಮ್ಯಾಪಿನದೋ, ಅಡ್ಡಗಟ್ಟೆ ಹಾಕದ ಅಧಿಕಾರಿಗಳದೋ ಎಂದು ಆಮೇಲೆ ಎಷ್ಟು ದಿನ ಬೇಕಾದರೂ ವಾದ ಮಾಡಬಹುದು. ನಮ್ಮ ಮಲೆನಾಡಿನ ಒಳದಾರಿಗಳಲ್ಲಂತೂ ಕತ್ತಲಾದ ಮೇಲೆ ಮ್ಯಾಪಿಗಿಂತ ದಾರಿಬದಿಯ ಗೂಡಂಗಡಿಯವನೇ ವಾಸಿ. ಗಾಜು ಇಳಿಸಿ ಕೇಳಿ. ಕೇಳಿದರೆ ಪರ ಊರಿನವರು ಎಂದು ಗೊತ್ತಾಗುತ್ತದಲ್ಲ ಎಂದು ಒಬ್ಬ ಹುಡುಗ ನನ್ನೆದುರೇ ಸಂಕೋಚಪಟ್ಟಿದ್ದ. ಗೊತ್ತಾದರೆ ಏನಪ್ಪಾ ನಷ್ಟ?

ಆಗುಂಬೆ ಇಳಿಯುವವರಿಗೆ ಒಂದು ಮಾತು. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ಘಾಟಿಯಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಯುವ ಚಟ ಅಪ್ಪಂದಿರಿಂದ ಮಕ್ಕಳಿಗೆ ಬಂದಿದೆ. ಕಾರ್ಬ್ಯುರೇಟರ್ ಕಾಲದ ಲೆಕ್ಕ ಅದು. ಈಗಿನ ಇಂಜೆಕ್ಷನ್ ಗಾಡಿ ಗೇರಿನಲ್ಲಿದ್ದು ನೀವು ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರು ಎಣ್ಣೆಯನ್ನೇ ನಿಲ್ಲಿಸುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಉಸಿರಾಡಲು ಪೆಟ್ರೋಲ್ ಉರಿಯುತ್ತಲೇ ಇರಬೇಕು. ಅಂದರೆ ಉಳಿತಾಯ ಸೊನ್ನೆ, ಗಾಡಿ ಹಿಡಿಯುವ ಭಾರವೆಲ್ಲ ಬ್ರೇಕಿನ ಮೇಲೆ. ಬ್ರೇಕ್ ಕಾದು, ಆಯಿಲ್ ಕುದ್ದು, ಪೆಡಲ್ ಕೆಳಗಿಳಿದು ಹೋಗುತ್ತದೆ. ಇನ್ನು ಕೆಲವು ಮಹಾನುಭಾವರು ಕೀಯನ್ನೇ ಆಫ್ ಮಾಡುತ್ತಾರೆ: ಪವರ್ ಸ್ಟೇರಿಂಗ್ ಇಲ್ಲ, ಬ್ರೇಕಿನ ಬೂಸ್ಟರ್ ಎರಡು ಮೂರು ಒತ್ತಿಗೆ ಖಾಲಿ. ಹತ್ತಲು ಬೇಕಾದ ಗೇರಿನಲ್ಲೇ ಇಳಿಯಿರಿ. ಖಾಲಿ ನೀರಿನ ಬಾಟಲಿ ಕಾಲಡಿಯಲ್ಲಿ ಉರುಳಾಡಲು ಬಿಡಬೇಡಿ, ಅದು ಬ್ರೇಕ್ ಪೆಡಲಿನ ಕೆಳಗೇ ಹೋಗಿ ಕೂರುತ್ತದೆ.

ನಿಂಬೆಹಣ್ಣಿನ ಸುದ್ದಿ ನೀವೂ ಕೇಳಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ನಿರ್ಮಾಣ್ ವಿಹಾರದ ಶೋರೂಮಿನಲ್ಲಿ ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣಿಟ್ಟು ಮೆಲ್ಲಗೆ ಹತ್ತಿಸಲು ಹೋದ ಮಹಿಳೆಯ ಕಾಲು ಆಕ್ಸಿಲರೇಟರ್ ಮೇಲೆ ಜೋರಾಗಿ ಬಿತ್ತು. ಗಾಡಿ ಮೊದಲ ಮಹಡಿಯ ಗಾಜು ಒಡೆದುಕೊಂಡು ರಸ್ತೆಗೆ ಬಿತ್ತು. ಪುಣ್ಯಕ್ಕೆ ಒಳಗಿದ್ದವರು ಬದುಕಿದರು. ಆಕೆ ಸತ್ತೇ ಹೋದಳೆಂದು ಜನ ಸುದ್ದಿ ಹಬ್ಬಿಸಿದ್ದರಿಂದ, ಇಲ್ಲ ನಾನು ಚೆನ್ನಾಗಿದ್ದೇನೆ ಎಂದು ಆಕೆಯೇ ವಿಡಿಯೊ ಮಾಡಿ ಹೇಳಬೇಕಾಯಿತು. ನಕ್ಕವರಲ್ಲಿ ಎಷ್ಟೋ ಜನ ಆಯುಧಪೂಜೆಯ ದಿನ ಮಾಡುವುದು ಬೇರೆ ಏನು? ಪೂಜೆ ಬೇಡ ಅನ್ನಲಾರೆ, ನಮ್ಮ ಗ್ಯಾರೇಜಿನಲ್ಲಿ ಸ್ಪ್ಯಾನರಿಗೂ ಕುಂಕುಮ ಇಡುತ್ತೇವೆ. ಎದುರಿಗೆ ಗೋಡೆ, ಜನ, ಮಹಡಿ ಇಲ್ಲದ ಬಯಲಿನಲ್ಲಿ ನಿಂಬೆಹಣ್ಣು ಇಡಿ, ಗಾಡಿಯನ್ನು ಗೊತ್ತಿರುವವರ ಕೈಗೆ ಕೊಡಿ. ಕುಂಬಳಕಾಯಿ ಒಡೆದ ಮೇಲೆ ಹೋಳುಗಳನ್ನು ರಸ್ತೆಯಿಂದ ಎತ್ತಿಹಾಕಿ. ನಿಮ್ಮ ದೃಷ್ಟಿ ತೆಗೆದ ಕಾಯಿಯ ಮೇಲೆ ಜಾರಿಬೀಳುವವನು ಸ್ಕೂಟರಿನ ಬಡಪಾಯಿ.

ಮೀಟರಿನಲ್ಲಿ ಕೆಂಪು ದೀಪ ಬಂದರೆ ಅಲ್ಲೇ ನಿಲ್ಲಿಸಬೇಕು, ಹಳದಿ ಬಂದರೆ ಬೇಗ ತೋರಿಸಬೇಕು. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ನನ್ನ ಅರ್ಧ ವ್ಯಾಪಾರ ನಿಂತುಹೋಗುತ್ತಿತ್ತು. ಟೆಂಪರೇಚರ್ ಮುಳ್ಳು ಏರಿದಾಗ "ಇನ್ನೆರಡೇ ಕಿಲೋಮೀಟರ್, ಮನೆ ಬಂತಲ್ಲ" ಎಂದು ಓಡಿಸಿ ಎಂಜಿನ್ ಹೆಡ್ ಬೆಂಡ್ ಮಾಡಿಕೊಂಡು ಬರುತ್ತಾರೆ. ನಿಲ್ಲಿಸಿದವರಲ್ಲೂ ಅವಸರದವರು ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸುತ್ತಾರೆ. ಒಳಗೆ ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ, ಮುಚ್ಚಳ ಬಿಚ್ಚಿದ್ದೇ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ, ಅರ್ಧ ಗಂಟೆಗೂ ಹೆಚ್ಚು ಹಿಡಿಯಬಹುದು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ.

ಕೀ ಒಳಗೆ, ಮಗು ಒಳಗೆ, ಬಾಗಿಲು ಲಾಕ್. ಇಂಥದ್ದು ಆದರೆ ನನಗೂ ಫೋನ್ ಮಾಡಬೇಡಿ, ಯಾರು ಏನೆಂದಾರು ಎಂದು ನೋಡಬೇಡಿ. ಬಿಸಿಲಿನಲ್ಲಿ ಮುಚ್ಚಿದ ಕಾರಿನ ಒಳಗೆ ಹತ್ತು ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ. 112ಕ್ಕೆ ಕರೆ ಮಾಡಿ. ಮಗು ಬಾಡುತ್ತಿದ್ದರೆ ಮಗುವಿನಿಂದ ದೂರದ ಪಕ್ಕದ ಕಿಟಕಿಯ ಗಾಜನ್ನು ಮೂಲೆಗೆ ಹೊಡೆದು ಒಡೆಯಿರಿ. ಅದು ಪುಡಿಪುಡಿಯಾಗಿ ಉದುರುವ ಗಾಜು. ಮುಂದಿನ ದೊಡ್ಡ ಗಾಜಿಗೆ ಹೊಡೆಯುತ್ತಾ ನಿಲ್ಲಬೇಡಿ, ಅದು ಉದುರುವುದಿಲ್ಲ.

ಇಷ್ಟೂ ತಪ್ಪುಗಳನ್ನು ನಾನು ಕ್ಷಮಿಸಬಲ್ಲೆ. ಕ್ಷಮಿಸಲಾರದ್ದು ಬೇಕೆಂದೇ ಮಾಡುವುದು. ಸೀಟ್ ಬೆಲ್ಟ್ ಹಾಕದಿದ್ದರೆ ಬೀಪ್ ಎನ್ನುತ್ತದೆ ಎಂದು ಅದರ ಬಾಯಿಗೆ ಒಂದು ಸುಳ್ಳು ಕ್ಲಿಪ್ ತುರುಕುವುದು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದರು. ಗಾಡಿ ದುಬಾರಿಯದೇ ಆಗಿತ್ತು. ಮರುವರ್ಷ ಆನ್‌ಲೈನ್ ಅಂಗಡಿಗಳಿಂದ ಈ ಕ್ಲಿಪ್ಪುಗಳನ್ನು ತೆಗೆಸಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆದೇಶ ಹೊರಡಿಸಬೇಕಾಯಿತು. ನನ್ನ ಗ್ಯಾರೇಜಿಗೆ ಬರುವ ಗಾಡಿಯಲ್ಲಿ ಆ ಕ್ಲಿಪ್ ಕಂಡರೆ ಕೇಳದೆ ಕಿತ್ತು ಡಬ್ಬಕ್ಕೆ ಹಾಕುತ್ತೇನೆ. ಜಗಳ ಆಡಿದವರೂ ಇದ್ದಾರೆ. ಆಡಲಿ.

ಅಪ್ಪಂದಿರಿಗೂ ಒಂದು ಮಾತು ಸೇರಿಸುತ್ತೇನೆ. ಮಕ್ಕಳು ಸುಳ್ಳು ಹೇಳುವುದು ನನಗೆ ಹೆದರಿ ಅಲ್ಲ, ನಿಮಗೆ ಹೆದರಿ. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಸಿದ ಹುಡುಗ ಬಂಕಿನಿಂದಲೇ ಫೋನ್ ಮಾಡಿದರೆ, "ನಿನಗೆ ಬುದ್ಧಿ ಇದೆಯೇನೋ" ಎಂಬುದನ್ನು ಸಂಜೆಗಿಟ್ಟುಕೊಂಡು, "ಕೀ ಮುಟ್ಟಬೇಡ" ಎಂದು ಮೊದಲು ಹೇಳಿ. ಡಾಕ್ಟರ ಮುಂದೆ ಹೇಳಿದಂತೆ ಮೇಸ್ತ್ರಿ ಮುಂದೆಯೂ ನಡೆದದ್ದನ್ನು ನಡೆದ ಹಾಗೆ ಹೇಳಲಿ. ಎಲ್ಲಿ ನಿಂತಿತು, ಅದಕ್ಕೆ ಮುಂಚೆ ಏನು ಸದ್ದು ಬಂತು, ನಿಂತ ಮೇಲೆ ಎಷ್ಟು ಸಲ ಸೆಲ್ಫ್ ಹೊಡೆದಿರಿ. ಸುಳ್ಳು ಹೇಳಿದರೆ ಏನಾಗಿದೆ ಎಂದು ಹುಡುಕಲು ಬಿಚ್ಚುವ ಕೆಲಸಕ್ಕೂ ನೀವೇ ಕೂಲಿ ಕೊಡುತ್ತೀರಿ.

ಈ ಭಾನುವಾರ ಬಿಡುವಿದ್ದರೆ ಮನೆಮುಂದಿನ ಸಮ ಜಾಗದಲ್ಲಿ ಒಂದು ಸಲ ಚಕ್ರ ಬಿಚ್ಚಿ ಹಾಕಿ ನೋಡಿ. ಹ್ಯಾಂಡ್ ಬ್ರೇಕ್ ಎಳೆದು, ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿ, ಆಮೇಲೆ ಜಾಕು ಏರಿಸಿ. ಜಾಕಿನ ಮೇಲಿರುವ ಗಾಡಿಯ ಕೆಳಗೆ ತಲೆ ಹಾಕಬೇಡಿ. ಡಿಕ್ಕಿಯಲ್ಲಿ ಜಾಕು, ಸ್ಪ್ಯಾನರು ಇವೆಯಾ ನೋಡಿಕೊಳ್ಳಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅದನ್ನೂ ನೋಡಿ. ಬಹಳ ಜನರ ಗಾಡಿಯಲ್ಲಿ ಇರುವುದಿಲ್ಲ.