ಮಾನವಕುಲದ ನಾಳೆಗೆ ಸಾಮಾಜಿಕ ಮೌಲ್ಯಗಳು: ದುರ್ಗದ ನೆಲದಿಂದ ಮುಖ್ಯಾಂಶಗಳು

ಪರೀಕ್ಷೆಯಲ್ಲಿ ಮೌಲ್ಯಗಳ ಬಗ್ಗೆ ಪ್ರಶ್ನೆ ಬಂದರೆ ಹೆಚ್ಚಿನವರು ಸತ್ಯ, ಶಾಂತಿ, ಸಹನೆ ಎಂದು ಪಟ್ಟಿ ಮಾಡಿ ಮುಗಿಸುತ್ತಾರೆ. ಅಂಕ ತರುವುದು ಉದಾಹರಣೆ. ಯಲ್ಲದಕೆರೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಅಭ್ಯರ್ಥಿಗಳು ಅದಕ್ಕಾಗಿ ಚಿತ್ರದುರ್ಗ ಜಿಲ್ಲೆ ದಾಟಬೇಕಿಲ್ಲ.

ಬಂಡೆಯ ಮೇಲಿನ ಪಾಠ

• ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ. ಕಾಲ ಕ್ರಿ.ಪೂ. 3ನೇ ಶತಮಾನ. ಬೆಳಕಿಗೆ ತಂದವರು ಬಿ.ಎಲ್. ರೈಸ್, 1892ರಲ್ಲಿ.

• ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡ, ‘ಲಿಪಿಕಾರ’ ಎಂಬ ತನ್ನ ವೃತ್ತಿಸೂಚಕ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ.

• ಸುವರ್ಣಗಿರಿಯ ಆರ್ಯಪುತ್ರ ಹಾಗೂ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆದೇಶವಿದು. ತಂದೆತಾಯಿಯ ಮಾತು ಕೇಳುವುದು, ಗುರುವನ್ನು ಗೌರವಿಸುವುದು, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು ಇದರ ಸಾರ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಶ್ರೇಯಸ್ಸು ಪಡೆಯಬಲ್ಲರು ಎಂಬುದು ಇದರ ಬಹುಮುಖ್ಯ ಮಾತು. ಉತ್ತರದಲ್ಲಿ ಇದನ್ನು ಬಿಡಬೇಡಿ.

• ಗೊಂದಲ ಬೇಡ: ‘ಅಶೋಕ’ ಎಂಬ ಹೆಸರು ಮೊದಲು ದೊರೆತದ್ದು ರಾಯಚೂರು ಜಿಲ್ಲೆಯ ಮಸ್ಕಿ ಶಾಸನದಲ್ಲಿ (1915).

ಸಂವಿಧಾನ

ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಪೀಠಿಕೆಯ ನಾಲ್ಕು ಮೌಲ್ಯಗಳು. ಅಂಗೀಕಾರ 26 ನವೆಂಬರ್ 1949, ಜಾರಿ 26 ಜನವರಿ 1950. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡುತ್ತದೆ. ಮೂಲಭೂತ ಕರ್ತವ್ಯಗಳು (51ಎ) 1976ರ 42ನೇ ತಿದ್ದುಪಡಿಯಿಂದ ಬಂದವು. 11ನೆಯದು 2002ರ 86ನೇ ತಿದ್ದುಪಡಿಯಿಂದ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದೂ, ಮಹಿಳೆಯರ ಘನತೆಗೆ ಕುಂದು ತರುವ ಆಚರಣೆಗಳನ್ನು ಬಿಡುವುದೂ ಈ ಕರ್ತವ್ಯಗಳಲ್ಲಿ ಸೇರಿವೆ. ಈ ಎರಡನ್ನು ನೆನಪಿಡಿ, ಮುಂದಿನ ವಿಷಯಕ್ಕೆ ಇವೇ ಆಧಾರ.

ಗೊಲ್ಲರಹಟ್ಟಿ: ಮೌಲ್ಯಗಳ ನಿಜವಾದ ಪರೀಕ್ಷೆ

ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಾಡುಗೊಲ್ಲರು ಪಶುಪಾಲಕ ಸಮುದಾಯ. ಜುಂಜಪ್ಪ, ಎತ್ತಪ್ಪ ಇವರ ಸಾಂಸ್ಕೃತಿಕ ವೀರರು. ಜುಂಜಪ್ಪನ ಕಾವ್ಯ ಕನ್ನಡದ ದೊಡ್ಡ ಮೌಖಿಕ ಮಹಾಕಾವ್ಯಗಳಲ್ಲಿ ಒಂದು. ಇಷ್ಟು ಸಿರಿವಂತ ಪರಂಪರೆಯ ಹಟ್ಟಿಗಳಲ್ಲೇ ಮುಟ್ಟಾದ ಹೆಣ್ಣುಮಕ್ಕಳನ್ನೂ ಹಸಿ ಬಾಣಂತಿಯರನ್ನೂ ‘ಸೂತಕ’ದ ಹೆಸರಿನಲ್ಲಿ ಊರ ಹೊರಗೆ ಇರಿಸುವ ಪದ್ಧತಿ ಹಲವೆಡೆ ಉಳಿದಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆ, ಚಳಿಯ ನಡುವೆ ಗುಡಿಸಿಲಲ್ಲಿ ಬಾಣಂತಿಯೊಡನೆ ಇದ್ದ ಹಸುಗೂಸು ತೀರಿಕೊಂಡಿತು. ಸಮಾನತೆ, ಘನತೆ ಎಂದು ಬರೆಯುವಾಗ ಆ ಕೂಸು ನಮ್ಮ ಕಣ್ಮುಂದೆ ಇರಬೇಕು.

• ಕಾನೂನು: ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧ ಹಾಗೂ ನಿರ್ಮೂಲನೆ ಅಧಿನಿಯಮ, 2017. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಮುಟ್ಟಾದ ಅಥವಾ ಗರ್ಭಿಣಿ ಹೆಂಗಸರನ್ನು ಬಲವಂತವಾಗಿ ಊರಿಂದ ಬೇರೆ ಇರಿಸುವುದು ಇದರಡಿ ಅಪರಾಧ.

• ಸರ್ಕಾರ ಹಟ್ಟಿಗಳ ಬಳಿ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿದೆ. ಮಳೆ, ಹಾವುಚೇಳಿನಿಂದ ಇವು ರಕ್ಷಣೆ ಕೊಡುತ್ತವೆ, ನಿಜ. ಆದರೆ ಹೊರಗಿಡುವುದಕ್ಕೇ ಕಟ್ಟಡ ಕಟ್ಟಿಕೊಟ್ಟಂತಾಯಿತು ಎಂಬ ಟೀಕೆಯೂ ಸರಿಯಾದದ್ದೇ. ಎರಡೂ ಮಾತನ್ನು ಬರೆಯುವ ಉತ್ತರವೇ ಪೂರ್ಣ.

• ಬದಲಾವಣೆ ಬರುವುದು ಸಮುದಾಯವನ್ನು ಹೀಯಾಳಿಸುವುದರಿಂದಲ್ಲ. ಓದಿದ ಹೆಣ್ಣುಮಕ್ಕಳು, ಆಶಾ ಕಾರ್ಯಕರ್ತೆಯರು, ಹಟ್ಟಿಯ ಹಿರಿಯರು, ಪೂಜಾರಿಗಳು ಒಟ್ಟಿಗೆ ಕೂತು ಮಾತಾಡಿದಾಗ ಮಾತ್ರ.

ನಾಳಿನವರಿಗಾಗಿ ಇಂದಿನವರ ದುಡಿಮೆ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ವೇದಾವತಿ ನದಿಗೆ ಕಟ್ಟಿದ್ದು. ಕಾಮಗಾರಿ 1898ರಲ್ಲಿ ಆರಂಭ, 1907ರಲ್ಲಿ ಪೂರ್ಣ. ಗರಿಷ್ಠ ಮಟ್ಟ 130 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 30 ಟಿಎಂಸಿ ಅಡಿ. 1933ರಲ್ಲಿ ಮೊದಲ ಬಾರಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ. ಅಣೆಕಟ್ಟೆಗೆ ಕಲ್ಲು ಹೊತ್ತವರಲ್ಲಿ ಎಷ್ಟೋ ಮಂದಿ ಮೊದಲ ಕೋಡಿಯ ನೀರನ್ನೂ ಕಂಡಿರಲಾರರು. ತಲೆಮಾರುಗಳ ನಡುವಿನ ನ್ಯಾಯಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತಿಳಿದಿಲ್ಲ. ಸುಸ್ಥಿರ ಅಭಿವೃದ್ಧಿಯ ಬ್ರಂಟ್‌ಲ್ಯಾಂಡ್ ವರದಿ (1987) ಹೇಳಿದ್ದೂ ಇದೇ ತತ್ವವನ್ನು.

ಪಾಲ್ಗೊಳ್ಳುವಿಕೆ

• ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿ 24 ಏಪ್ರಿಲ್ 1993ರಂದು ಜಾರಿಗೆ ಬಂತು. ಅದಕ್ಕೂ ಮೊದಲೇ ಕರ್ನಾಟಕ 1983ರ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ 25 ಮೀಸಲಾತಿ ಕೊಟ್ಟಿತ್ತು. ಆ ಕಾಯ್ದೆಯ ರೂವಾರಿ ಆಗಿನ ಸಚಿವ ಅಬ್ದುಲ್ ನಜೀರ್‌ಸಾಬ್. ಬರದ ಹಳ್ಳಿಗಳಿಗೆ ಕೊಳವೆಬಾವಿ ಕೊಡಿಸಿ ‘ನೀರ್‌ಸಾಬ್’ ಎನಿಸಿಕೊಂಡವರು. ಈಗ ರಾಜ್ಯದ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ಶೇ 50.

ಜಗತ್ತು, ಒಂದೆರಡು ಸಾಲಿನಲ್ಲಿ

• ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ: 10 ಡಿಸೆಂಬರ್ 1948, 30 ವಿಧಿಗಳು. ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದಿದ್ದುದು ‘ಎಲ್ಲ ಮಾನವರು’ ಎಂದಾಗಲು ಕಾರಣ ಭಾರತದ ಹಂಸಾ ಮೆಹ್ತಾ.

• ಸುಸ್ಥಿರ ಅಭಿವೃದ್ಧಿ ಗುರಿಗಳು: 17. ಅಂಗೀಕಾರ 2015, ಗಡುವು 2030. 5ನೆಯದು ಲಿಂಗ ಸಮಾನತೆ, 6ನೆಯದು ಶುದ್ಧ ನೀರು ಮತ್ತು ನೈರ್ಮಲ್ಯ.

• ಕುವೆಂಪು ಅವರ ಪಂಚಮಂತ್ರ: ಮನುಜಮತ, ವಿಶ್ವಪಥ, ಸರ್ವೋದಯ, ಸಮನ್ವಯ, ಪೂರ್ಣದೃಷ್ಟಿ. ಅವರ ಜನ್ಮದಿನ ಡಿಸೆಂಬರ್ 29 ವಿಶ್ವಮಾನವ ದಿನ.

ಇದನ್ನು ಓದುತ್ತಿರುವವರಲ್ಲಿ ಕೆಲವರು ನಾಳೆ ಪಿಡಿಒ ಆಗುತ್ತೀರಿ, ಮೇಷ್ಟ್ರಾಗುತ್ತೀರಿ, ನರ್ಸ್ ಆಗುತ್ತೀರಿ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಿಮ್ಮ ವ್ಯಾಪ್ತಿಯ ಹಟ್ಟಿಗೆ ಹೋಗಿ, ಅಲ್ಲಿಯ ತಾಯಂದಿರನ್ನು ಮಾತಾಡಿಸಿ, ಬಾಣಂತಿ ಎಲ್ಲಿ ಮಲಗುತ್ತಾಳೆ ಎಂದು ಕೇಳಿ.