ಕೇಬಲ್ ತೆಗೆಸುವ ಮುನ್ನ

ಈ ಸಲದ ಐಪಿಎಲ್ ಮುಗಿದ ಮೇಲೆ ಮನೆಯ ಕೇಬಲ್ ತೆಗೆಸಿಬಿಡುತ್ತೇನೆ ಎಂದೆಯಲ್ಲ, ಅದಕ್ಕೆ ನನ್ನ ತಕರಾರಿಲ್ಲ. ನೀನು ಧಾರಾವಾಹಿ ನೋಡುವವನಲ್ಲ, ಸುದ್ದಿ ಫೋನಿನಲ್ಲೇ ಬರುತ್ತದೆ. ಕೇಬಲ್ ಇಟ್ಟುಕೊಳ್ಳಲು ಇದ್ದ ಒಂದೇ ಕಾರಣ ಕ್ರಿಕೆಟ್ಟು. ಅದೂ ಆ್ಯಪಿನಲ್ಲಿ ಸಿಗುವಾಗ ತಿಂಗಳು ತಿಂಗಳು ಯಾಕೆ ದುಡ್ಡು ಕಟ್ಟಬೇಕು ಎಂಬ ನಿನ್ನ ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಲೆಕ್ಕದಲ್ಲಿ ಸೇರದ ಕೆಲವು ಬಾಬತ್ತುಗಳಿವೆ. ಟಿವಿಯಲ್ಲಿ ಆಟ ಬರುವುದೇ ಅಪರೂಪವಾಗಿದ್ದ ಕಾಲದಿಂದ ನೋಡಿಕೊಂಡು ಬಂದವನು ನಾನು. ತಿಳಿದಷ್ಟು ಹೇಳುತ್ತೇನೆ, ಆಮೇಲೆ ನಿನ್ನಿಷ್ಟ.

ಫೋನಿನಲ್ಲಿ ಐಪಿಎಲ್ ಪುಕ್ಕಟೆಯಾಗಿ ಬಂದದ್ದು ಯಾಕೆ, ಆಮೇಲೆ ನಿಂತದ್ದು ಯಾಕೆ ಎಂಬುದನ್ನು ಮೊದಲು ತಿಳಿದುಕೋ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 2022ರ ಹರಾಜಿನಲ್ಲಿ 48,390 ಕೋಟಿ ರೂಪಾಯಿಗೆ ಹೋಯಿತು. ಅದರ ಹಿಂದಿನ ಐದು ವರ್ಷಕ್ಕೆ ಸ್ಟಾರ್ ಕೊಟ್ಟಿದ್ದು 16,347.50 ಕೋಟಿ. ಈ ಸಲ ಭಾರತದ ಟಿವಿ ಹಕ್ಕು ಸ್ಟಾರ್‌ಗೆ ಸಿಕ್ಕಿತು, ಡಿಜಿಟಲ್ ಹಕ್ಕು ವಯಾಕಾಮ್18ರ ಪಾಲಾಯಿತು. ಇಬ್ಬರಿಗೂ ಒಂದೇ ಆಟ, ಒಂದೇ ಪ್ರೇಕ್ಷಕ. ಟಿವಿಯ ಮುಂದೆ ಕೂತವರನ್ನು ತನ್ನ ಕಡೆಗೆ ಎಳೆದುಕೊಳ್ಳಲು ವಯಾಕಾಮ್ 2023ರಲ್ಲಿ ಜಿಯೋಸಿನಿಮಾದಲ್ಲಿ ಎಲ್ಲ ಪಂದ್ಯಗಳನ್ನೂ ಬಿಟ್ಟಿಯಾಗಿ ತೋರಿಸಿತು. ಆ ಫೈನಲ್ ಅನ್ನು ಏಕಕಾಲಕ್ಕೆ 3.2 ಕೋಟಿ ಜನ ಅಲ್ಲಿ ನೋಡಿದರು. ಅದಕ್ಕೆ ಉತ್ತರವಾಗಿ ಸ್ಟಾರ್‌ನವರ ಆ್ಯಪು ಹಾಟ್‌ಸ್ಟಾರ್ ಏಷ್ಯಾ ಕಪ್ಪನ್ನೂ ವಿಶ್ವಕಪ್ಪನ್ನೂ ಮೊಬೈಲಿಗೆ ಉಚಿತ ಮಾಡಿತು. ಅಹಮದಾಬಾದಿನ ವಿಶ್ವಕಪ್ ಫೈನಲ್ ಹೊತ್ತಿಗೆ ಒಮ್ಮೆಗೇ ನೋಡುತ್ತಿದ್ದವರು 5.9 ಕೋಟಿ.

2024ರ ನವೆಂಬರಿನಲ್ಲಿ ಆ ಇಬ್ಬರು ಪೈಪೋಟಿದಾರರೂ ಒಂದೇ ಕಂಪನಿಯಾದರು. 2025ರ ಫೆಬ್ರುವರಿಯಲ್ಲಿ ಜಿಯೋಹಾಟ್‌ಸ್ಟಾರ್ ಬಂತು, ಆ ವರ್ಷದ ಐಪಿಎಲ್ ವೇಳೆಗೆ ಸ್ವಲ್ಪ ಹೊತ್ತು ನೋಡಿದ ಮೇಲೆ ಚಂದಾ ಕಟ್ಟು ಎಂದಾಯಿತು. ಮೊಬೈಲಿಗೆ ಮೂರು ತಿಂಗಳಿಗೆ ಆಗ ಇಟ್ಟ 149 ರೂಪಾಯಿ ದೊಡ್ಡ ಮೊತ್ತವೇನಲ್ಲ. ನಾನು ಹೇಳುವುದು ಇಷ್ಟು: ಅಂದಿನ ಉಚಿತ ನಿನ್ನ ಮೇಲಿನ ಪ್ರೀತಿಗೆ ಬಂದದ್ದಲ್ಲ, ಪೈಪೋಟಿಗೆ ಬಂದದ್ದು. ಪೈಪೋಟಿ ಇಲ್ಲದಾಗ ಬೆಲೆ ಯಾರ ಕೈಯಲ್ಲಿರುತ್ತದೆ ಎಂದು ಯೋಚಿಸು. 2027ಕ್ಕೆ ಈ ಅವಧಿ ಮುಗಿದು ಮತ್ತೆ ಹರಾಜಾದಾಗ ಟಿವಿ, ಆ್ಯಪು ಎರಡನ್ನೂ ಕೈಯಲ್ಲಿಟ್ಟುಕೊಂಡ ಕಂಪನಿಯೇ ಮುಂದಿನ ಸಾಲಿನಲ್ಲಿ ಕೂತಿರುತ್ತದೆ. ಇವತ್ತಿನ ಚಂದಾ ಎಷ್ಟೆಂದು ನೋಡಿ ಹತ್ತು ವರ್ಷದ ಉಳಿತಾಯದ ಲೆಕ್ಕ ಹಾಕಬೇಡ. ಬ್ರಾಡ್‌ಬ್ಯಾಂಡಿನ ಬಿಲ್ಲನ್ನೂ ಡೇಟಾ ಪ್ಯಾಕನ್ನೂ ಅದರೊಳಗೆ ಸೇರಿಸು. ಸೀಸನ್ ಮುಗಿದ ಮೇಲೂ ದುಡ್ಡು ತಾನಾಗಿ ಕಡಿತವಾಗುವ ವ್ಯವಸ್ಥೆ ಇದ್ದರೆ ಅದನ್ನು ನಿಲ್ಲಿಸಲು ಮರೆಯಬೇಡ.

ಇನ್ನು ನನಗೆ ಹೆಚ್ಚು ಚಿಂತೆಯಾಗುವ ಸಂಗತಿ. ಕೇಬಲ್ ದುಡ್ಡು ಎಂದರೆ ಊರಹಬ್ಬಕ್ಕೆ ಮನೆಮನೆಯಿಂದ ಎತ್ತುವ ವಂತಿಗೆಯ ಹಾಗೆ. ತೇರಿಗೆ ಬರುವವನೂ ಕೊಡುತ್ತಾನೆ, ಬಾರದವನೂ ಕೊಡುತ್ತಾನೆ, ಹಬ್ಬ ಮಾತ್ರ ಎಲ್ಲರದು. ಅಮೆರಿಕದಲ್ಲಿ ಇದು ನಮ್ಮಲ್ಲಿಗಿಂತ ದೊಡ್ಡದಾಗಿ ನಡೆದಿತ್ತು. ಇಎಸ್‌ಪಿಎನ್ ಚಾನೆಲ್ 2011ರ ಹೊತ್ತಿಗೆ 10 ಕೋಟಿ ಮನೆಗಳಲ್ಲಿತ್ತು. ಆಟವನ್ನೇ ನೋಡದ ಅಜ್ಜಿಯ ಬಿಲ್ಲಿನಿಂದಲೂ ಅದಕ್ಕೆ ಪಾಲು ಹೋಗುತ್ತಿತ್ತು. ಜನ ಕೇಬಲ್ ಬಿಡುತ್ತ ಬಂದ ಹಾಗೆ ಆ ಸಂಖ್ಯೆ 7 ಕೋಟಿಗಿಂತ ಕೆಳಗಿಳಿಯಿತು. ಊರೂರಿನ ತಂಡಗಳ ಪಂದ್ಯ ತೋರಿಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಎಂಬ ಕಂಪನಿ 2023ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ಕೊನೆಗೆ 2025ರ ಆಗಸ್ಟಿನಲ್ಲಿ ಇಎಸ್‌ಪಿಎನ್ ತಾನೇ ನೇರವಾಗಿ ಆ್ಯಪ್ ತೆರೆದು ತಿಂಗಳಿಗೆ 29.99 ಡಾಲರ್ ಎಂದು ಬೆಲೆ ಕಟ್ಟಿತು. ಮೊದಲು ಎಲ್ಲರೂ ಸ್ವಲ್ಪ ಸ್ವಲ್ಪ ಕೊಡುತ್ತಿದ್ದುದನ್ನು ಈಗ ನೋಡುವವನೊಬ್ಬನೇ ಪೂರ್ತಿ ಹೊರಬೇಕು. ನಿನ್ನ ಅಕ್ಕ ಅಲ್ಲೇ ಇದ್ದಾಳಲ್ಲ, ಕೇಳಿ ನೋಡು. ಬೆಳಗ್ಗೆ ಕಾಫಿ ಕುಡಿಯುತ್ತ ಆರ್‌ಸಿಬಿ ಪಂದ್ಯ ನೋಡಲು ವಿಲೋ ಬೇಕು, ಮಗನ ಬೇಸ್‌ಬಾಲಿಗೆ ಇನ್ನೊಂದು, ಗುರುವಾರ ರಾತ್ರಿಯ ಅವರ ಫುಟ್‌ಬಾಲಿಗೆ ಅಮೆಜಾನ್.

ಅದೇ ಗದ್ದಲದಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು. ಫೀನಿಕ್ಸ್ ಸನ್ಸ್ ಎಂಬ ಬಾಸ್ಕೆಟ್‌ಬಾಲ್ ತಂಡ ಕೇಬಲ್ ಒಪ್ಪಂದದಿಂದ ಹೊರಬಂದು 2023ರಿಂದ ತನ್ನ ಊರಿನ ಪಂದ್ಯಗಳನ್ನು ಆ್ಯಂಟೆನಾ ಇದ್ದವರಿಗೆಲ್ಲ ಉಚಿತವಾಗಿ ಸಿಗುವಂತೆ ಮಾಡಿತು. ಚಂದಾ ಕಟ್ಟುವವರಷ್ಟೇ ನೋಡುತ್ತ ಹೋದರೆ ಮುಂದೆ ಅಭಿಮಾನಿಗಳೇ ಇರುವುದಿಲ್ಲ ಎಂಬುದನ್ನು ಆ ತಂಡದವರು ಬೇಗ ಕಂಡುಕೊಂಡರು.

ಇಂಗ್ಲೆಂಡ್ ಈ ಪಾಠವನ್ನು ತಡವಾಗಿ ಕಲಿಯಿತು. 2005ರ ಆ್ಯಶಸ್ ಸರಣಿಯನ್ನು ಅಲ್ಲಿನವರು ಚಾನೆಲ್ 4ರಲ್ಲಿ ಒಂದು ಪೆನ್ನಿಯೂ ಕೊಡದೆ ನೋಡಿದರು. ಇಂಗ್ಲೆಂಡ್ ತಂಡದ ಫ್ಲಿಂಟಾಫ್ ಬೀದಿ ಹುಡುಗರ ಬಾಯಲ್ಲೂ ಇದ್ದ. ಮರುವರ್ಷದಿಂದ ತವರಿನ ಕ್ರಿಕೆಟ್ ಪೂರ್ತಿ ಸ್ಕೈ ಎಂಬ ಚಂದಾ ಚಾನೆಲ್ಲಿಗೆ ಹೋಯಿತು. ಕ್ರಿಕೆಟ್ ಮಂಡಳಿಗೆ ಹಣ ಬಂತು, ಮಕ್ಕಳ ಕಣ್ಣಿನಿಂದ ಆಟ ದೂರವಾಯಿತು. 2019ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್‌ಗೆ ಇಂಗ್ಲೆಂಡ್ ಬಂದಾಗ ಸ್ಕೈ ಆ ಒಂದು ಪಂದ್ಯವನ್ನು ಚಾನೆಲ್ 4ರ ಜೊತೆ ಹಂಚಿಕೊಂಡಿತು. ಹದಿಮೂರು ಬೇಸಿಗೆ ಆಟವನ್ನೇ ಕಾಣದ ಮಗುವಿಗೆ ಒಂದು ಭಾನುವಾರದಲ್ಲಿ ಕ್ರಿಕೆಟ್ ಹುಚ್ಚು ಹಿಡಿಸಲು ಆಗುತ್ತದೆಯೇ? ದುಡ್ಡು ಕೊಟ್ಟವನಿಗೆ ಮಾತ್ರ ಆಟ ಎಂದಾದಾಗ ಮೊದಲು ಹೊರಗೆ ಉಳಿಯುವವರು ಮಕ್ಕಳು ಮತ್ತು ಮುದುಕರು.

ಮುದುಕರು ಎಂದಾಗ ನಿನ್ನ ಅಪ್ಪನ ನೆನಪಾಯಿತು. ಕೇಬಲ್ ತೆಗೆಸಿದರೆ ನಿನಗೆ ಫೋನ್ ಇದೆ, ಅವನಿಗೇನಿದೆ? ಅಂಗೈಯಗಲದ ಪರದೆಯಲ್ಲಿ ಅವನಿಗೆ ಚೆಂಡು ಕಾಣಿಸುವುದಿಲ್ಲ. ಹಾಗಾಗಿ ಮನೆಯ ಟಿವಿಯನ್ನೇ ಸ್ಮಾರ್ಟ್ ಮಾಡಿಸು, ಟಿವಿಗೂ ನಡೆಯುವ ಚಂದಾ ಕಟ್ಟು, ರಿಮೋಟ್ ಹೇಗೆ ಒತ್ತಬೇಕೆಂದು ಅವನ ಪಕ್ಕದಲ್ಲಿ ಕೂತು ಬೇಸರವಿಲ್ಲದೆ ತೋರಿಸಿಕೊಡು. ಊರಿನ ಮನೆಯಲ್ಲಿ ಇಂಟರ್‌ನೆಟ್ ನೆಚ್ಚುವಂತಿಲ್ಲದಿದ್ದರೆ ಡಿಡಿ ಫ್ರೀ ಡಿಶ್ ಹಾಕಿಸು. ಒಮ್ಮೆ ದುಡ್ಡು ಕೊಟ್ಟು ಡಬ್ಬಿಯನ್ನೂ ತಟ್ಟೆಯನ್ನೂ ತಂದರಾಯಿತು, ತಿಂಗಳ ಬಾಡಿಗೆ ಇಲ್ಲ. ಐಪಿಎಲ್ಲಿಗೆ ಅದನ್ನು ನೆಚ್ಚಬೇಡ, ಆದರೆ ಭಾರತದ ಪುರುಷರ ತಂಡ ಆಡುವ ಏಕದಿನ ಮತ್ತು ಟಿ20 ಪಂದ್ಯಗಳು ರಾಷ್ಟ್ರೀಯ ಮಹತ್ವದ ಆಟಗಳ ಪಟ್ಟಿಯಲ್ಲಿವೆ. ಅಂಥ ಪಂದ್ಯಗಳ ನೇರ ಪ್ರಸಾರವನ್ನು ಖಾಸಗಿ ಚಾನೆಲ್‌ಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು ಎಂದು 2007ರ ಕಾನೂನು ಹೇಳುತ್ತದೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಹಾಗೆ ಹಂಚಿಕೊಂಡ ಪಂದ್ಯ ದೂರದರ್ಶನದ ಸ್ವಂತ ಟವರುಗಳಲ್ಲೂ ಫ್ರೀ ಡಿಶ್‌ನಲ್ಲೂ ಮಾತ್ರ ಬರಬೇಕು, ಖಾಸಗಿ ಕೇಬಲ್ಲಿನಲ್ಲಿ ಬರುವ ಡಿಡಿಯಲ್ಲಿ ಅಲ್ಲ.

ಆ ಕಾನೂನಿನಲ್ಲಿ ನಿನ್ನಂಥವರು ಗಮನಿಸಬೇಕಾದ ಒಂದು ತೂತಿದೆ. ಕೇಬಲ್, ಡಿಟಿಎಚ್, ರೇಡಿಯೋ, ಈ ಮೂರರಲ್ಲಿ ಪಂದ್ಯ ತೋರಿಸುವವರು ಅಥವಾ ಕೇಳಿಸುವವರು ಹಂಚಿಕೊಳ್ಳಬೇಕು ಎಂದಷ್ಟೇ ಅದರಲ್ಲಿದೆ. ಬರೀ ಆ್ಯಪಿನಲ್ಲಿ ತೋರಿಸಿದರೆ ಏನು ಎಂಬ ಪ್ರಶ್ನೆ 2007ರಲ್ಲಿ ಯಾರ ತಲೆಗೂ ಬಂದಿರಲಿಕ್ಕಿಲ್ಲ. ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಇದೇ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತ್ತು. ಹೀರೋ ಕಪ್ ಪಂದ್ಯಗಳನ್ನು ಯಾರು ತೋರಿಸಬೇಕೆಂದು ಬಂಗಾಳದ ಕ್ರಿಕೆಟ್ ಸಂಸ್ಥೆಗೂ ದೂರದರ್ಶನಕ್ಕೂ ನಡೆದ ಜಗಳದಲ್ಲಿ ಬಂದ ತೀರ್ಪು ಅದು. ಕೇಬಲ್ ಬಿಡುವವರು ಹೆಚ್ಚಿದಷ್ಟೂ ಆಟ ತರಂಗ ಬಿಟ್ಟು ಖಾಸಗಿ ಆ್ಯಪಿನೊಳಗೆ ಸೇರುತ್ತದೆ. ದೇಶ ಆಡುವ ಆಟ ದೇಶದ ಬಡವನಿಗೂ ಕಾಣಬೇಕು ಎಂಬ ಹಕ್ಕು ಆ್ಯಪಿನ ಕಾಲದಲ್ಲೂ ಉಳಿಯಬೇಕಾದರೆ ಕೇಳುವವರು ಬೇಕು. ಅದನ್ನು ಕೇಳುವ ಹೊಣೆ ನಿನ್ನ ತಲೆಮಾರಿನದು.

ಆ್ಯಪಿನಲ್ಲಿ ಆಟ ಹಾಕಿದಾಗ ಭಾಷೆ ಆರಿಸುವ ಜಾಗದಲ್ಲಿ ಕನ್ನಡ ಒತ್ತು. ಇದು ಬರೀ ಅಭಿಮಾನದ ಮಾತಲ್ಲ. ಟಿವಿಯಲ್ಲಿ ಯಾವ ಮನೆ ಏನು ನೋಡಿತು ಎಂಬುದು ಕೆಲವು ಮನೆಗಳ ಮೀಟರಿನಿಂದ ಮಾಡುವ ಅಂದಾಜು. ಆ್ಯಪಿನಲ್ಲಿ ಪ್ರತಿಯೊಬ್ಬನ ಲೆಕ್ಕವೂ ಸಿಗುತ್ತದೆ. ಕನ್ನಡ ಕಾಮೆಂಟರಿ ಎಷ್ಟು ಜನ ಕೇಳಿದರು ಎಂಬುದು ನೇರವಾಗಿ ಜಾಹೀರಾತಿನವರ ಮೇಜಿಗೆ ಹೋಗುತ್ತದೆ, ಮುಂದಿನ ವರ್ಷ ಕನ್ನಡಕ್ಕೆ ಎಷ್ಟು ಖರ್ಚು ಮಾಡಬೇಕು ಎಂದು ಅಲ್ಲಿಂದಲೇ ತೀರ್ಮಾನವಾಗುತ್ತದೆ. ವಿಜಯ್ ಭಾರದ್ವಾಜ್ ಅವರಂಥ ಆಡಿ ಬಂದವರು ನಮ್ಮ ಭಾಷೆಯಲ್ಲಿ ಆಟದ ಒಳಗುಟ್ಟು ಬಿಡಿಸಿ ಹೇಳುತ್ತಾರೆ, ಅದನ್ನು ಕೇಳಿದರೆ ನಷ್ಟವೇನೂ ಇಲ್ಲ.

ದೊಡ್ಡ ಆಟಕ್ಕೆ ನೀನೊಬ್ಬ ನೋಡದಿದ್ದರೂ ನಡೆಯುತ್ತದೆ, ಸಣ್ಣ ಆಟಕ್ಕೆ ನಡೆಯುವುದಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಚಾನೆಲ್ಲಿನವರು ಅದನ್ನು ಕ್ರಿಕೆಟ್ಟಿನ ಪಕ್ಕದಲ್ಲೇ ತಂದಿಟ್ಟರು. ಇನ್ನೇನೋ ನೋಡಲು ಟಿವಿ ಹಾಕಿದವನ ಕಣ್ಣಿಗೆ ಕಬಡ್ಡಿ ಬಿತ್ತು, ಅವನು ಅಲ್ಲೇ ಕೂತ. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಕಪ್ ಗೆದ್ದಾಗ, ಫೈನಲ್‌ನಲ್ಲಿ ಪವನ್ ಸೆಹ್ರಾವತ್ 22 ಪಾಯಿಂಟ್ ತಂದದ್ದನ್ನು ಕಬಡ್ಡಿ ಆಡದವರೂ ಮಾತಾಡಿಕೊಂಡರು. ಹಾಗೆ ಅಚಾನಕ್ಕಾಗಿ ಎದುರಾಗುವ ಅವಕಾಶ ಆ್ಯಪಿನಲ್ಲಿ ಕಡಿಮೆ. ನೀನು ಏನು ನೋಡುತ್ತೀಯೋ ಅದನ್ನೇ ಅದು ಮತ್ತೆ ಮತ್ತೆ ಮುಂದಿಡುತ್ತದೆ. ಅದಕ್ಕೇ ನೀನಾಗಿ ಹುಡುಕಿಕೊಂಡು ಹೋಗಬೇಕು. ಮಹಾರಾಜ ಟ್ರೋಫಿ ನೋಡು, ರಣಜಿಯ ಒಂದು ದಿನವಾದರೂ ನೋಡು. ಕಲಬುರಗಿ ಕಡೆಯ ಶ್ರೇಯಾಂಕಾ ಪಾಟೀಲ್ 2024ರ ಡಬ್ಲ್ಯುಪಿಎಲ್ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ಕಿತ್ತು ಆರ್‌ಸಿಬಿಗೆ ಮೊದಲ ಕಪ್ ತಂದುಕೊಟ್ಟವಳು. ಅವಳ ಪಂದ್ಯಕ್ಕೂ ಸಮಯ ಇಡು. ಫೋನಿನಿಂದ ಬಂದ ಒಳ್ಳೆಯದನ್ನೂ ಹೇಳಬೇಕು: ರಾಜ್ಯದ ದೊಡ್ಡ ಚಾನೆಲ್‌ಗಳು ಅಷ್ಟಾಗಿ ತೋರಿಸದ ಕಂಬಳವನ್ನು ಕರಾವಳಿಯ ಹುಡುಗರು ಯೂಟ್ಯೂಬ್‌ನಲ್ಲಿ ರಾತ್ರಿಯಿಡೀ ನೇರ ತೋರಿಸುತ್ತಾರೆ, ಗಲ್ಫಿನಲ್ಲಿರುವವರು ತಮ್ಮೂರಿನ ಕೋಣಗಳಿಗೆ ಅಲ್ಲಿಂದಲೇ ಜೈಕಾರ ಹಾಕುತ್ತಾರೆ.

ಕ್ಯಾಮೆರಾ ಇಲ್ಲದ ಆಟದ ಗತಿ ಏನಾಗುತ್ತದೆ ಎಂಬುದಕ್ಕೆ ನಮ್ಮವರದೇ ಉದಾಹರಣೆಯಿದೆ. 1983ರ ಜೂನ್ 18ರಂದು ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ಔಟಾಗದೆ 175 ಹೊಡೆದರು. ಒಂಬತ್ತನೇ ವಿಕೆಟ್ಟಿಗೆ ಅವರ ಜೊತೆ ನಿಂತು ಮುರಿಯದ 126 ರನ್ ಸೇರಿಸಿದ್ದು ನಮ್ಮ ಕಿರ್ಮಾನಿ. ಬಿಬಿಸಿಯ ಕ್ಯಾಮೆರಾ ಅಂದು ಅಲ್ಲಿರಲಿಲ್ಲ. ವಿಶ್ವಕಪ್ ಗೆಲ್ಲಲು ದಾರಿ ಮಾಡಿದ ಆ ಆಟವನ್ನು ಮೈದಾನದಲ್ಲಿದ್ದವರು ಬಿಟ್ಟರೆ ಯಾರೂ ಕಂಡಿಲ್ಲ.

ಕಳ್ಳ ಲಿಂಕುಗಳ ತಂಟೆಗೆ ಮಾತ್ರ ಹೋಗಬೇಡ. ಟೆಲಿಗ್ರಾಮಿನಲ್ಲಿ ಯಾರೋ ಕಳಿಸಿದ ಉಚಿತ ಲಿಂಕಿನ ಹಿಂದೆ ಬಹಳ ಸಲ ಬೆಟ್ಟಿಂಗಿನವರು ಇರುತ್ತಾರೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನ ಕಾನೂನು ನಿಷೇಧಿಸಿದೆ, ಆದರೆ ವಿದೇಶದಲ್ಲಿ ಕೂತವರ ಬಲೆ ಪೂರ್ತಿ ಹರಿದಿಲ್ಲ. ಇನ್ನೊಂದು ತಿಳಿದುಕೋ: ಆ್ಯಪು ದೃಶ್ಯವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಕಳಿಸುತ್ತದೆ, ನಿನ್ನ ಫೋನು ಒಂದಷ್ಟು ತುಂಡು ಕೂಡಿಟ್ಟುಕೊಂಡ ಮೇಲೆ ತೋರಿಸುತ್ತದೆ. ಹಾಗಾಗಿ ಮೈದಾನಕ್ಕಿಂತ 20-30 ಸೆಕೆಂಡು ಹಿಂದೆ ಬೀಳುವುದುಂಟು. ಪಕ್ಕದ ಮನೆಯವರು ಸಿಕ್ಸರಿಗೆ ಮೊದಲೇ ಕೂಗಿದರೆ ತೊಂದರೆಯಿಲ್ಲ. ಆದರೆ ಪಣ ಕಟ್ಟಿ ಕೂತರೆ, ಆ ಚೆಂಡು ಏನಾಯಿತೆಂದು ಎದುರಿನವನಿಗೆ ಆಗಲೇ ಗೊತ್ತಿರುತ್ತದೆ.

ಕೊನೆಗೆ, ಕೇಬಲ್‌ನವನಿಗೆ ಫೋನ್ ಮಾಡಿ ಸುಮ್ಮನೆ ಕಟ್ ಮಾಡಿಸಬೇಡ, ಮನೆಗೆ ಕರೆದು ಮಾತಾಡು. ಮಳೆಗಾಲದಲ್ಲಿ ಫೈನಲ್ ದಿನ ಕಂಬ ಹತ್ತಿ ತಂತಿ ಸರಿ ಮಾಡಿದವನು ಅವನು. ಇವರಲ್ಲಿ ಬಹಳ ಮಂದಿ ಈಗ ಇಂಟರ್‌ನೆಟ್ಟನ್ನೂ ಕೊಡುತ್ತಾರೆ. ದರ ಸರಿಯಿದ್ದರೆ ಬ್ರಾಡ್‌ಬ್ಯಾಂಡ್ ಅವನಿಂದಲೇ ತೆಗೆದುಕೊಂಡರೆ ಆಟ ನಿಂತಾಗ ಬಂದು ನೋಡುವವನೊಬ್ಬ ಬೀದಿಯಲ್ಲೇ ಇರುತ್ತಾನೆ. ಬಾಕಿ ಇದ್ದರೆ ಕೊಟ್ಟು, ಸೆಟ್‌ಟಾಪ್ ಬಾಕ್ಸ್ ಹಿಂದಿರುಗಿಸಿ, ಅದಕ್ಕೊಂದು ರಸೀದಿ ಬರೆಸಿಕೋ.